ಅಂಬರಿನೊಳಗಿನ ದುಂಬಿಗೆ ಹೊಸ ಕುಲ ಕಟ್ಟುವುದು ಹೇಗೆ?

ಚಿತ್ರದುರ್ಗದ ಬಯಲಿನಲ್ಲಿ ಜಾಲಿಮರದ ಅಂಟಿಗೆ ಸಿಕ್ಕಿಬಿದ್ದ ಇರುವೆಯನ್ನು ಕಂಡವರಿಗೆ ಅಂಬರಿನ ಕಥೆ ಅರ್ಧ ಗೊತ್ತಿದ್ದಂತೆಯೇ. ಜಾಲಿಯ ಅಂಟು ನೀರಿನಲ್ಲಿ ಕರಗಿಹೋಗುತ್ತದೆ. ಮರದ ರಾಳ ಕರಗುವುದಿಲ್ಲ. ಮಣ್ಣಿನಡಿ ಕೋಟ್ಯಂತರ ವರ್ಷ ಹೂತು ಗಟ್ಟಿಯಾದ ರಾಳವೇ ಅಂಬರ್. ಅದರೊಳಗೆ ಸಿಕ್ಕಿಬಿದ್ದ ಅಪರಿಚಿತ ದುಂಬಿಗೆ (ಬೀಟಲ್) ಹೊಸ ಕುಲ, ಅಂದರೆ ಹತ್ತಿರದ ಪ್ರಭೇದಗಳ ಹೊಸ ಗುಂಪು, ಕಟ್ಟುವ ಬಗೆ ಇದು. ಅದಕ್ಕಾಗಿ ಕೋಟೆಯ ಬಂಡೆ ತಡಕಬೇಡಿ. ಆ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ಮರವೂ ಇರಲಿಲ್ಲ, ದುಂಬಿಯೂ ಇರಲಿಲ್ಲ. ಗುಜರಾತಿನ ಲಿಗ್ನೈಟ್ ಗಣಿಗಳ ಅಂಬರ್ ಸುಮಾರು 5 ಕೋಟಿ ವರ್ಷದ್ದು, ಮ್ಯಾನ್ಮಾರಿನ ಕಚಿನ್ ಪ್ರಾಂತ್ಯದ್ದು ಸುಮಾರು 9.9 ಕೋಟಿ ವರ್ಷದ್ದು.

ಮೊದಲು ತುಣುಕು ಅಸಲಿಯೇ ನೋಡಿ. ಉಪ್ಪು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ, ನಕಲಿ ಅಂಬರಿಗೆ ಬಳಸುವ ಬಹುಪಾಲು ಪ್ಲಾಸ್ಟಿಕ್ ಮುಳುಗುತ್ತದೆ. ಎಳೆಯ ರಾಳವಾದರೆ ಒಂದು ಹನಿ ಅಸಿಟೋನ್ ಬಿದ್ದೊಡನೆ ಮೇಲ್ಮೈ ಜಿಗುಟಾಗುತ್ತದೆ. ಎಲ್ಲಿಂದ, ಯಾವಾಗ ಬಂತು ಎಂಬುದನ್ನೂ ಬರೆದಿಡಿ. ಕಚಿನ್ ಗಣಿ ಪ್ರದೇಶ 2017ರಲ್ಲಿ ಸೇನೆಯ ಹಿಡಿತಕ್ಕೆ ಹೋದ ಮೇಲೆ ಅಲ್ಲಿನ ಹೊಸ ಸರಕನ್ನು ಮುಟ್ಟದ ವಿಜ್ಞಾನಿಗಳಿದ್ದಾರೆ. ಅವರ ಹಟ ನನಗೆ ಸರಿಯೆನಿಸುತ್ತದೆ.

ಆಮೇಲೆ ನಯವಾದ ಉಜ್ಜುಕಾಗದದಿಂದ, ನೀರು ಹಾಕುತ್ತಾ ತಿಕ್ಕಿ. ಒಂದು ಉಜ್ಜು ಹೆಚ್ಚಾದರೆ ದುಂಬಿಯ ಬೆನ್ನೇ ಹೋದೀತು. ಮೇಲೆ ಗ್ಲಿಸರಿನ್ ಹನಿಸಿ ತೆಳು ಗಾಜು ಮುಚ್ಚಿದರೆ ಗೀರುಗಳು ಮಾಯವಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಆಳಕ್ಕೆ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿಸಬೇಕು. ಗುಳ್ಳೆ ಅಡ್ಡ ಬಂದಿದ್ದರೆ ಎಕ್ಸ್-ರೇಯಿಂದ ಒಳಗನ್ನು ತೋರಿಸುವ ಮೈಕ್ರೋ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ನಿಜವಾದ ಕೆಲಸ ಈಗ ಶುರು. ಮೀಸೆಯ ಗಣ್ಣುಗಳನ್ನು ಎಣಿಸಿ. ಸಾಮಾನ್ಯವಾಗಿ 11 ಇರುತ್ತವೆ. ಮುಂಗಾಲು, ನಡುಗಾಲು, ಹಿಂಗಾಲುಗಳ ಪಾದದ ಗಣ್ಣುಗಳನ್ನೂ ಎಣಿಸಿ. 5-5-5 ಬಂದರೆ ಒಂದು ದಾರಿ, 5-5-4 ಬಂದರೆ ಇನ್ನೊಂದು. ಹೀಗೆ ಕುಟುಂಬ ಗೊತ್ತಾದ ಮೇಲೆ, ಅದರಲ್ಲಿರುವ ಜೀವಂತ ಮತ್ತು ಪಳೆಯುಳಿಕೆ ಕುಲಗಳೊಂದಿಗೆಲ್ಲ ಹೋಲಿಸಬೇಕು. ಗಾತ್ರವೊಂದೇ ಬೇರೆಯಾದರೆ ಹೆಚ್ಚೆಂದರೆ ಹೊಸ ಪ್ರಭೇದ. ಬಣ್ಣವನ್ನಂತೂ ನಂಬಲೇಬೇಡಿ, ರಾಳ ಅದನ್ನು ಕೆಡಿಸಿರುತ್ತದೆ. ಹಲವು ಲಕ್ಷಣಗಳು ಕೂಡಿದ ಮೈಕಟ್ಟು ಯಾವ ಕುಲದ ಚೌಕಟ್ಟಿಗೂ ಕೂರದಿದ್ದರೆ ಮಾತ್ರ ಹೊಸ ಕುಲ. ಆತುರಗಾರರು ಎಡವುವುದು ಇಲ್ಲೇ. ಗುಳ್ಳೆಯ ಹಿಂದೆ ಮರೆಯಾದ ಭಾಗವನ್ನು ‘ಕಾಣಿಸಿಲ್ಲ’ ಎಂದು ಬರೆಯಬೇಕೇ ಹೊರತು ‘ಇಲ್ಲ’ ಎಂದಲ್ಲ.

ಹೆಸರು ಕೊನೆಗೆ. ಇಡೀ ಪ್ರಾಣಿಲೋಕದಲ್ಲಿ ಅದೇ ಕುಲನಾಮ ಇನ್ನೊಂದಿರಬಾರದು, ಗಿಡಕ್ಕಿದ್ದರೆ ಅಡ್ಡಿಯಿಲ್ಲ. ಲ್ಯಾಟಿನ್ ಅಕ್ಷರದಲ್ಲಿ ಬರೆದರೆ ಸಾಕು, ಮೂಲಪದ ಕನ್ನಡದ್ದಾಗಿರಬಹುದು. ಮೀಸೆಯ ತುದಿ ಒನಕೆಯಂತೆ ದಪ್ಪಗಿದ್ದರೆ ದುರ್ಗದವರಿಗೆ ಹೆಸರು ಹುಡುಕುವ ಕಷ್ಟವಿಲ್ಲ! ಕುಲದ ಹೆಸರಿಗೆ ಆಧಾರವಾಗುವ ಒಂದು ಮಾದರಿ ಪ್ರಭೇದವನ್ನೂ, ಆ ಪ್ರಭೇದದ ಹೆಸರಿಗೆ ಆಧಾರವಾಗುವ ಒಂದು ದುಂಬಿಯನ್ನು ಮೂಲ ಮಾದರಿಯಾಗಿಯೂ ಗೊತ್ತುಮಾಡಿ, ಆ ಮೂಲ ಮಾದರಿ ಯಾವ ಸಂಗ್ರಹಾಲಯದಲ್ಲಿದೆ ಎಂದು ಸಂಶೋಧನಾ ಪ್ರಬಂಧದಲ್ಲೇ ಹೇಳಿ. ಪ್ರಬಂಧ ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವುದಾದರೆ ಮುಂಚೆಯೇ ಝೂಬ್ಯಾಂಕ್ ಎಂಬ ಪ್ರಾಣಿನಾಮಗಳ ಅಧಿಕೃತ ದಾಖಲೆಯಲ್ಲಿ ನೋಂದಾಯಿಸಿ, ನೋಂದಣಿಯ ಪುರಾವೆಯನ್ನು ಅದರಲ್ಲೇ ಅಚ್ಚುಮಾಡಬೇಕು. ಅದನ್ನು ಮರೆತರೆ ಹೆಸರು ಊರ್ಜಿತವಾಗುವುದಿಲ್ಲ.