ದೋಟಿ ಎತ್ತಿದ ಕುತ್ತಿಗೆಗೆ ಫಿಸಿಯೋಥೆರಪಿ: ಎಲ್ಲಿಂದ ಶುರು, ಹೇಗೆ ಮುಂದುವರಿಕೆ?

ಅಡಿಕೆ ಕೊಯ್ಲಿನ ದಿನಗಳಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಿಗೆ ಹೋದರೆ ನೋವಿನೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ನೆಲದಲ್ಲೇ ನಿಂತು ಗೊನೆ ಕೊಯ್ಯುವ ಉದ್ದನೆಯ ಕೋಲು, ಅಂದರೆ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿತು, ನಿಜ. ಆದರೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಎರಡೂ ಕೈ ಮೇಲೆತ್ತಿ ಗಂಟೆಗಟ್ಟಲೆ ನಿಂತವರ ಕುತ್ತಿಗೆ, ಹೆಗಲು ಸೆಟೆದುಕೊಳ್ಳುತ್ತವೆ. ಮೆಟ್ಟುಕತ್ತಿಯ ಮುಂದೆ ಬಗ್ಗಿ ಕುಳಿತು ಅಡಿಕೆ ಸುಲಿಯುವವರ ಸೊಂಟ ಹಿಡಿದುಕೊಳ್ಳುತ್ತದೆ.

ಮೊದಲು ನೋಡಬೇಕಾದ್ದು, ಇದು ಫಿಸಿಯೋಥೆರಪಿಗೆ ಹೋಗುವ ನೋವೇ ಎಂದು. ಮರದಿಂದ ಬಿದ್ದವರು, ಕೈಕಾಲಿನ ಶಕ್ತಿ ಕುಂದಿದವರು, ಮೂತ್ರ ಅಥವಾ ಮಲದ ಹಿಡಿತ ತಪ್ಪಿದವರು, ಎದೆನೋವಿನೊಂದಿಗೆ ಎಡಗೈ ಸೆಳೆಯುತ್ತಿರುವವರು ತಡಮಾಡದೆ ಆಸ್ಪತ್ರೆಗೇ ಹೋಗಬೇಕು. ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕೂಡ ಮೊದಲು ವೈದ್ಯರನ್ನು ಕಾಣಿ. ಕಾಲು ಉಳುಕಿ ಬಾತುಕೊಂಡಿದ್ದರೆ ಮೊದಲ ಎರಡು ಮೂರು ದಿನ ತಿಕ್ಕಿಸಬೇಡಿ, ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲನ್ನು ಎತ್ತರದಲ್ಲಿಡಿ.

ಇನ್ನು ಹೋಗುವುದು ಎಲ್ಲಿಗೆ? ಕಾಸರಗೋಡಿನ ಜನರಲ್ ಆಸ್ಪತ್ರೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಖಾಸಗಿ ಕೇಂದ್ರವಾದರೆ, ಚಿಕಿತ್ಸೆ ಕೊಡುವವರು ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿಯ ಪದವಿ ಪಡೆದವರೇ ಎಂದು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮನೆಗೇ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ತಂಡವನ್ನು ಸಂಪರ್ಕಿಸಿ.

ಆಸ್ಪತ್ರೆಯವರು ಮಲಯಾಳದಲ್ಲಿ ಮಾತಾಡಿದಾಗ ನಮ್ಮ ಊರಿನ ಕನ್ನಡಿಗರು ಸೋಲುವುದು ನೋವನ್ನು ಹೇಳುವಲ್ಲಿ. ‘ನೀರುಂಡೋ?’ ಎಂದು ಮಲಯಾಳದಲ್ಲಿ ಕೇಳಿದರೆ ‘ಬಾವು ಇದೆಯೇ?’ ಎಂದು ಅರ್ಥ, ಕುಡಿಯುವ ನೀರಿನ ಮಾತಲ್ಲ. ‘ಮುಟ್ಟುವೇದನ’ ಎಂದರೆ ಮಂಡಿನೋವು. ಕನ್ನಡದ ಹೆಂಗಸರು ಈ ಮಾತು ಕೇಳಿ ಮುಜುಗರಪಟ್ಟು ಸುಮ್ಮನಾದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಜೋಮಿಗೆ ಅಲ್ಲಿ ‘ತರಿಪ್ಪ್’ ಎನ್ನುತ್ತಾರೆ. ಮಾತು ತಡವರಿಸಿದರೆ ಬೆರಳಿಟ್ಟು ತೋರಿಸಿ: ನೋವು ಎಲ್ಲಿ ಹುಟ್ಟುತ್ತದೆ, ಎಲ್ಲಿಯವರೆಗೆ ಇಳಿಯುತ್ತದೆ, ಬೆಳಿಗ್ಗೆ ಹೆಚ್ಚೋ ರಾತ್ರಿಯೋ. ದೋಟಿ ಹಿಡಿಯುವ ಭಂಗಿಯಲ್ಲೇ ನಿಂತು ತೋರಿಸಿದರೆ ಇನ್ನೂ ಒಳ್ಳೆಯದು. ಸಡಿಲ ಬಟ್ಟೆ ಧರಿಸಿ. ಹಳೆಯ ಎಕ್ಸ್‌ರೇ, ಮಾತ್ರೆಗಳ ಚೀಟಿ ಜೊತೆಗಿರಲಿ. ಸಕ್ಕರೆ ಕಾಯಿಲೆ ಇದ್ದರೆ ಮರೆಯದೆ ಹೇಳಿ, ಅಂಥವರಲ್ಲಿ ಹೆಗಲು ಬಿಗಿದುಕೊಳ್ಳುವುದು ಹೆಚ್ಚು.

ಶಾಖದ ಯಂತ್ರ, ಕರೆಂಟಿನ ಯಂತ್ರ ಒಂದಿಷ್ಟು ಹೊತ್ತು ಹಾಯೆನಿಸಬಹುದು. ಅಷ್ಟಕ್ಕೇ ತೃಪ್ತರಾಗಿ ಬರಬೇಡಿ. ಗುಣಪಡಿಸುವ ಕೆಲಸದ ಬಹುಪಾಲು ವ್ಯಾಯಾಮದ್ದು, ಅದನ್ನು ಮನೆಯಲ್ಲಿ ನೀವೇ ಮಾಡಬೇಕು. ಕುತ್ತಿಗೆ ನೋವಿಗೆ ಸಾಮಾನ್ಯವಾಗಿ ಕಲಿಸುವ ಒಂದು ವ್ಯಾಯಾಮ ಹೀಗಿದೆ. ಬೆನ್ನು ನೆಟ್ಟಗೆ ಮಾಡಿ ಕುಳಿತು ನೇರ ಎದುರಿಗೆ ನೋಡಿ. ತಲೆ ಬಗ್ಗಿಸದೆ, ಎತ್ತದೆ, ಗದ್ದವನ್ನು ಮಾತ್ರ ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳಿ. ಗದ್ದದ ಕೆಳಗೆ ಮಡಿಕೆ ಮೂಡಿ, ಕುತ್ತಿಗೆಯ ಹಿಂಭಾಗ ನೀಳವಾದಂತೆ ಅನಿಸಿದರೆ ಸರಿಯಾಗಿದೆ. ಉಸಿರು ಕಟ್ಟದೆ 5 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ. ಕೈಗೆ ಜೋಮು ಇಳಿದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ಭೇಟಿಗೆ ಕಾಯದೆ ತಿಳಿಸಿ.

ವ್ಯಾಯಾಮ ಮಾಡುವಾಗ ತುಸು ನೋವಾಗಿ ಆಮೇಲೆ ತಗ್ಗಿದರೆ ಹೆದರಬೇಕಾಗಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ ಮಾಡುವ ಸಲ ಕಡಿಮೆ ಮಾಡಿ. ಎಷ್ಟು ಸಲ, ಎಷ್ಟು ದಿನ ಎಂಬುದನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಅನುಮತಿ ಕೇಳಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಮನೆಯಲ್ಲಿ ತಪ್ಪುವುದಿಲ್ಲ.

ನೋವು ಹೋಯಿತೆಂದು ಮರುದಿನವೇ ಇಡೀ ತೋಟಕ್ಕೆ ಇಳಿಯಬೇಡಿ. ಮೊದಲ ವಾರ ಅರ್ಧ ಗಂಟೆ ದೋಟಿ, ಆಮೇಲೆ ಕೈ ಇಳಿಸಿ ಬಿದ್ದ ಅಡಿಕೆ ಹೆಕ್ಕುವ ಕೆಲಸ, ಮತ್ತೆ ದೋಟಿ. ದೋಟಿ ಹಿಡಿಯಲು ಮನೆಯಲ್ಲಿ ಇನ್ನೊಬ್ಬರಿದ್ದರೆ ಸರದಿ ಹಾಕಿಕೊಳ್ಳಿ.