ಸಂಜೆ ಆದರೆ ಅಮ್ಮ ಮನೆಗೆ ಹೊರಡುತ್ತಾಳೆ

ಅಮ್ಮನಿಗೆ ಮರೆವು ಶುರುವಾಗಿ ಆರು ವರ್ಷ ಆಯ್ತು. ಥೈರಾಯ್ಡ್ ಕಡಿಮೆ ಇದ್ದರೂ, ಬಿ12 ಕಡಿಮೆ ಆದರೂ ಮರೆವು ಬರುತ್ತೆ ಅಂತ ಡಾಕ್ಟರ್ ಮೊದಲು ಅವನ್ನೇ ಪರೀಕ್ಷೆ ಮಾಡಿಸಿದರು. ಎರಡೂ ಸರಿ ಇದ್ದವು. ಸ್ಕ್ಯಾನ್ ಆದಮೇಲೆ ಆಲ್ಝೈಮರ್ ಅಂದರು. ಮಾತ್ರೆ ಕೊಟ್ಟರು, ಇದು ವಾಸಿ ಆಗೋದಲ್ಲ ಅಂತಲೂ ಹೇಳಿದರು.

ಹಗಲು ಹೇಗೋ ಕಳೆಯುತ್ತೆ. ಕಷ್ಟ ಸಂಜೆಯದ್ದು. ಬೆಳಕು ಇಳಿಯುತ್ತಿದ್ದ ಹಾಗೇ ಅಮ್ಮ ಸೆರಗು ಸರಿಮಾಡಿಕೊಂಡು, ಒಂದು ಕವರಿನಲ್ಲಿ ಬಾಚಣಿಗೆ, ಟವೆಲ್, ಕೆಲವು ಸಲ ಟಿವಿ ರಿಮೋಟನ್ನೂ ತುಂಬಿಕೊಂಡು ಬಾಗಿಲ ಹತ್ತಿರ ನಿಂತುಬಿಡುತ್ತಾಳೆ. "ಮನೆಗೆ ಹೋಗ್ತೀನಿ, ಅಪ್ಪಯ್ಯ ಕಾಯ್ತಿರ್ತಾರೆ." ಅಜ್ಜ ತೀರಿಕೊಂಡು ನಲವತ್ತು ವರ್ಷ ಆಗಿದೆ.

ಮೊದಮೊದಲು ನಾನು ನಿಜ ಹೇಳುತ್ತಿದ್ದೆ. "ಅಮ್ಮಾ, ಇದೇ ನಿನ್ನ ಮನೆ, ಅಜ್ಜ ಇಲ್ಲ ಈಗ." ಅವಳು ಅಲ್ಲೇ ಕುಸಿದು ಕೂತು ಅಳುತ್ತಿದ್ದಳು. ಮಾರನೇ ದಿನ ಮತ್ತೆ ಹೇಳಿದೆ, ಮತ್ತೆ ಅಷ್ಟೇ ಅತ್ತಳು. ನನಗೆ ಅದು ಹಳೇ ಸಾವು, ಅವಳಿಗೆ ಪ್ರತಿ ಸಲವೂ ಆಗ ತಾನೇ ಬಂದ ಸುದ್ದಿ. ಇದು ಗೊತ್ತಾದ ದಿನ ತಿದ್ದೋದನ್ನ ಬಿಟ್ಟೆ.

ಈಗ "ಹೋಗೋಣ, ಕಾಫಿ ಕುಡಿದು ಹೋಗೋಣ" ಅಂತೀನಿ. ಅಪ್ಪಯ್ಯ ಇಷ್ಟೊತ್ತಿಗೆ ಏನು ಮಾಡ್ತಿರ್ತಾರೆ ಅಂತ ಕೇಳ್ತೀನಿ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಕೊಟ್ಟಿಗೆಗೆ ಬಂದ ದನ, ಎಲ್ಲ ಹೇಳ್ತಾಳೆ. ಮಾತಾಡ್ತಾ ಮಾತಾಡ್ತಾ ಮುಂದೆ ಒಂದು ಮೊರ ಇಟ್ಟರೆ ಬೆಳ್ಳುಳ್ಳಿ ಬಿಡಿಸುತ್ತಾಳೆ, ಚಳಿಗಾಲದಲ್ಲಾದರೆ ಅವರೆಕಾಯಿ. ನನ್ನ ಹೆಸರು ಮರೆತಿದ್ದಾಳೆ, ಆದರೆ ಹುಳುಕು ಕಾಳು ಸಿಕ್ಕರೆ ನೋಡದೇನೇ ಬೆರಳು ಅದನ್ನು ಪಕ್ಕಕ್ಕೆ ಹಾಕುತ್ತೆ. ಐದು ಗಂಟೆಗೇ ಎಲ್ಲಾ ಲೈಟ್ ಹಾಕಿಬಿಡ್ತೀನಿ, ಕತ್ತಲಾಗೋದು ಕಾಣಬಾರದು. ಇಷ್ಟಾದರೂ ಕೇಳದಿದ್ದರೆ ಚಪ್ಪಲಿ ಹಾಕಿಸಿ ರಸ್ತೆಯಲ್ಲಿ ಒಂದು ಸುತ್ತು ನಡೆಸಿ ಹಿಂಬಾಗಿಲಿಂದ ಒಳಗೆ ಕರಕೊಂಡು ಬರ್ತೀನಿ. "ಬಂದ್ವಾ?" ಅಂತಾಳೆ. ಬಂದ್ವಿ ಅಂತೀನಿ.

ಬಚ್ಚಲ ಮುಂದಿನ ಕಪ್ಪು ಮ್ಯಾಟ್ ತೆಗೆದೆ. ಅದನ್ನು ಗುಂಡಿ ಅಂದುಕೊಂಡು ದಾಟೋಕೆ ಹೆದರುತ್ತಿದ್ದಳು, ನಾವು ಹಟ ಅಂದುಕೊಂಡಿದ್ವಿ.

ಒಂದು ಮಾತು ಮಾತ್ರ ಜೋರಾಗಿ ಹೇಳಬೇಕು. ಹೋದ ವರ್ಷ ಎರಡೇ ದಿನದಲ್ಲಿ ಅಮ್ಮ ಪೂರ್ತಿ ಬೇರೆಯವಳಾದಳು. ರಾತ್ರಿಯೆಲ್ಲ ನಿದ್ದೆ ಇಲ್ಲ, ಗೋಡೆ ಮೇಲೆ ಜನ ಕಾಣುತ್ತಾರೆ ಅಂತಾಳೆ, ನನ್ನನ್ನು ತಳ್ಳುತ್ತಾಳೆ. ಜ್ವರ ಇರಲಿಲ್ಲ. ಕಾಯಿಲೆ ಜಾಸ್ತಿ ಆಯ್ತು ಅಂತ ನಾನು ಕೈಚೆಲ್ಲಿ ಕೂತೆ. ಅಕ್ಕ ಬೈದು ಡಾಕ್ಟರ ಹತ್ತಿರ ಕಳಿಸಿದಳು. ಮೂತ್ರದ ಸೋಂಕು. ಔಷಧಿ ಶುರುವಾಗಿ ವಾರದೊಳಗೆ ಹಳೇ ಅಮ್ಮ ವಾಪಸ್ ಬಂದಳು. ಈ ಕಾಯಿಲೆ ನಿಧಾನಕ್ಕೆ ಏರುತ್ತೆ. ಇದ್ದಕ್ಕಿದ್ದ ಹಾಗೆ ಜಾಸ್ತಿ ಆದರೆ ಸೋಂಕು, ಮಲಬದ್ಧತೆ, ಹೊಸದಾಗಿ ಕೊಟ್ಟ ಮಾತ್ರೆ, ಏನೋ ಒಂದು ಇರಬಹುದು. ಕಾಯಬೇಡಿ, ಅವತ್ತೇ ತೋರಿಸಿ.

ನನಗೇ ತಡೆಯಲಾಗದ ರಾತ್ರಿ ಒಂದಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ನಾನು ಅಳೋದು ಮುಗಿಯೋವರೆಗೂ ಸುಮ್ನೆ ಕೇಳಿಸಿಕೊಂಡರು.

ಈಗ ಅಮ್ಮನಿಗೆ ನಾನು ಅವಳ ಅಕ್ಕ. ನಿನ್ನೆ ಬಿಡಿಸಿದ ಬೆಳ್ಳುಳ್ಳಿಯನ್ನೆಲ್ಲ ನನ್ನ ಮಡಿಲಿಗೆ ಸುರಿದು, "ಅಕ್ಕಾ, ಇಷ್ಟು ಸಾಕಾ?" ಅಂತ ಕೇಳಿದಳು.