ಹಳೆಯ ಫ್ರೆಂಚ್ ಬಟ್ಟಲು: ಮೊದಲು ಮಗುಚಿ ನೋಡಿ

ಪ್ಯಾರಿಸ್ಸಿನ ವಾನ್ವ್‌ನಲ್ಲಿ ಶನಿವಾರ, ಭಾನುವಾರ ಹಳೆಯ ಸಾಮಾನಿನ ಸಂತೆ ಸೇರುತ್ತದೆ. ಅಲ್ಲಿ ಕಂದು ಬಣ್ಣದ ತೂಕದ ಬಟ್ಟಲು ಕೈಗೆತ್ತಿಕೊಂಡರೆ ವ್ಯಾಪಾರಿ ‘ಗ್ರೆ’ ಎನ್ನುತ್ತಾನೆ. ಸುಮಾರು 1,200ರಿಂದ 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಕಲ್ಲಾದ ಮಣ್ಣು. ನಮ್ಮ ಉಪ್ಪಿನಕಾಯಿ ಜಾಡಿಯ ದೂರದ ನೆಂಟ.

ಮುಂಭಾಗದ ಅಂದಕ್ಕೆ ಮರುಳಾಗುವ ಮೊದಲು ಬಟ್ಟಲನ್ನು ಮಗುಚಿ. ತಿರುಗುವ ಚಕ್ರದಿಂದ ತಂತಿಯಲ್ಲಿ ಕತ್ತರಿಸಿ ಬಿಡಿಸಿದ್ದರೆ ಬುಡದಲ್ಲಿ ಕಪ್ಪೆಚಿಪ್ಪಿನಂಥ ಗೆರೆಗಳು ಉಳಿದಿರಬಹುದು. ಒಳಗೆ ಬೆರಳಾಡಿಸಿ: ಕುಂಬಾರನ ಬೆರಳು ಏರಿದ ಸುರುಳಿ ತಾಗುತ್ತದೆ. ಪಕ್ಕದಲ್ಲಿ ನೇರವಾದ ಏಣು ಸಿಕ್ಕರೆ ಅದು ಅಚ್ಚಿನದು. ಹೊಳಪಿಲ್ಲದ ಬುಡದ ಅಂಚಿಗೆ ಒಂದು ಹನಿ ನೀರು ಹಚ್ಚಿ. ಥಟ್ಟನೆ ಹೀರಿಕೊಂಡರೆ ಅದು ಗ್ರೆ ಅಲ್ಲ, ಅಥವಾ ಸರಿಯಾಗಿ ಬೆಂದಿಲ್ಲ. ‘ದಿಗ್ವಾಂ’ ಎಂಬ ಊರ ಹೆಸರಿನ ಮುದ್ರೆಯಿದ್ದರೆ ಕಾರ್ಖಾನೆಯ ಸರಕು. ಗಟ್ಟಿಮುಟ್ಟಾದದ್ದೇ, ಆದರೆ ಕೈಕೆಲಸದ ಬೆಲೆ ತೆರಬೇಡಿ.

ಊರು ಯಾವುದೆಂದು ಮೈಬಣ್ಣ ಸುಳಿವು ಕೊಡುತ್ತದೆ. ಬೂದು ಮೈಮೇಲೆ ಕೋಬಾಲ್ಟ್ ನೀಲಿಯ ಹೂಬಳ್ಳಿಯಿದ್ದರೆ ಪೂರ್ವ ಫ್ರಾನ್ಸಿನ ಅಲ್ಸಾಸ್‌ನ ಬೆಟ್ಶ್‌ಡಾರ್ಫ್ ಶೈಲಿ. ಅಲ್ಲಿ ಕಾದು ಕೆಂಪಾದ ಗೂಡಿಗೆ ಉಪ್ಪು ಎರಚುತ್ತಾರೆ; ಸೋಡಿಯಂ ಆವಿ ಮಣ್ಣಿನ ಸಿಲಿಕಾದೊಡನೆ ಬೆರೆತು ಗಾಜಾಗುತ್ತದೆ, ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿ. ಕಂದು ಮೈಮೇಲೆ ಸೌದೆ ಬೂದಿ ಕರಗಿ ಹರಿದ ಗುರುತು ಇದ್ದರೆ ಲಾ ಬೋರ್ನ್ ಹಳ್ಳಿ ಅಥವಾ ಪ್ವಿಜೇ ಸೀಮೆಯ ಕಡೆಯದಿರಬಹುದು. ಜಪಾನಿನ ಗ್ರೆಗೆ ಮನಸೋತ ಶಿಲ್ಪಿ ಜಾಂ ಕಾರಿಯೆಸ್ 1888ರಲ್ಲಿ ನೆಲೆನಿಂತದ್ದು ಇದೇ ಪ್ವಿಜೇಯ ಸೇಂತ್ ಅಮಾಂನಲ್ಲಿ.

ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಕಣಕಣಿಸಬೇಕು. ‘ದಬ್’ ಎಂದರೆ ಎಲ್ಲೋ ಕೂದಲೆಳೆ ಬಿರುಕು ಅಡಗಿದೆ. ಚೌಕಾಸಿ ಮಾಡದೆ ಕೆಳಗಿಡಿ.

ಮನೆಗೆ ತಂದಮೇಲೆ ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಅಡುಗೆ ಸೋಡಾದ ಮುದ್ದೆಯಿಂದ ಮೆತ್ತಗೆ ಉಜ್ಜಿ. ಬ್ಲೀಚ್, ಉಕ್ಕಿನ ನಾರು ಬೇಡ. ಹೊಳಪಿನ ಲೇಪ ಕಿತ್ತುಬಂದ, ಸೀಳುಬಿಟ್ಟ ಬಟ್ಟಲಿಗೆ ಹುಣಸೆ, ನಿಂಬೆ ಹಾಕಬೇಡಿ. ಹಳೆಯ ಲೇಪದಲ್ಲಿ ಸೀಸವಿದ್ದರೆ ಹುಳಿ ಅದನ್ನು ಎಳೆದು ತರುತ್ತದೆ.

ಕಲ್ಲಿನಷ್ಟು ಗಟ್ಟಿಯೆಂದು ಒಲೆಯ ಮೇಲಿಡಬೇಡಿ, ತಣ್ಣಗಿದ್ದದ್ದಕ್ಕೆ ಬಿಸಿ ಸುರಿಯಬೇಡಿ. ಫ್ರಿಜ್ಜಿನಿಂದ ತೆಗೆದ ನನ್ನ ಬಟ್ಟಲಿಗೆ ಕುದಿಯುವ ಸಾರು ಬಿದ್ದಾಗ ಕೇಳಿದ್ದು ಒಂದೇ ಒಂದು ‘ಟಿಕ್’. ಈಗ ಅದರಲ್ಲಿ ಬೆಳ್ಳುಳ್ಳಿ ಇಡುತ್ತೇನೆ.